ಗಾಂಜಾ, ತೆರಿಗೆ ಮತ್ತು ಮತಪತ್ರ: ಕ್ಯಾಲಿಫೋರ್ನಿಯದ ಹತ್ತೊಂಬತ್ತನೆಯ ಪ್ರಸ್ತಾವ

೨೦೧೦ನೆಯ ನವೆಂಬರ್ ೨ರಂದು ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲೊಂದಾದ ಕ್ಯಾಲಿಫೋರ್ನಿಯದ ಮತದಾರರು ತಮ್ಮ ಗವರ್ನರನ್ನು ಆರಿಸುವುದರ ಜೊತೆಗೆ ಮತ್ತೊಂದು ಪ್ರಶ್ನೆಗೂ ಉತ್ತರ ಕೊಡಬೇಕಾಯಿತು. ಇಪ್ಪತ್ತೊಂದು ವರ್ಷ ತುಂಬಿದವರು ಗಾಂಜಾವನ್ನು ಇಟ್ಟುಕೊಳ್ಳುವುದೂ ಬೆಳೆಯುವುದೂ ಕಾಯಿದೆಗೆ ಸಮ್ಮತವಾಗಬೇಕೆ, ಅದರ ಮಾರಾಟಕ್ಕೆ ಪರವಾನಗಿಯನ್ನಿತ್ತು ತೆರಿಗೆ ವಿಧಿಸಬಹುದೆ ಎಂಬುದೇ ಆ ಪ್ರಶ್ನೆ. ಮತಪತ್ರದಲ್ಲಿ ಅದಕ್ಕೆ ದೊರೆತ ಕ್ರಮಾಂಕ ೧೯. ನೂರಕ್ಕೆ ೫೩.೫ರಷ್ಟು ಮತಗಳು ಬೇಡವೆಂದೂ ೪೬.೫ರಷ್ಟು ಬೇಕೆಂದೂ ಬಿದ್ದುವು. ಆರು ವರ್ಷಗಳ ತರುವಾಯ ಅದೇ ಸಂಸ್ಥಾನದ ಮತದಾರರು ಅದೇ ಬಗೆಯ ಇನ್ನೊಂದು ಪ್ರಸ್ತಾವಕ್ಕೆ ನೂರಕ್ಕೆ ೫೭ರಷ್ಟು ಮತಗಳಿಂದ ಒಪ್ಪಿಗೆಯಿತ್ತರು.

ಗೆದ್ದ ಪ್ರಸ್ತಾವಕ್ಕಿಂತ ಸೋತ ಪ್ರಸ್ತಾವವೇ ಇತಿಹಾಸದ ವಿದ್ಯಾರ್ಥಿಗೆ ಹೆಚ್ಚು ಪ್ರಯೋಜನಕರವೆಂದು ನಮಗೆ ತೋರುತ್ತದೆ. ಗೆಲವಿನ ಬಳಿಕ ಎಲ್ಲರೂ ಮೊದಲಿನಿಂದಲೂ ತಾವು ಹೀಗೆಯೇ ಯೋಚಿಸುತ್ತಿದ್ದೆವೆನ್ನುತ್ತಾರೆ. ಸೋಲಿನಲ್ಲಿ ಯಾರು ಯಾವ ಕಾರಣಕ್ಕಾಗಿ ಯಾರ ಪಕ್ಕದಲ್ಲಿ ನಿಂತಿದ್ದರೆಂಬುದು ಉಳಿದುಕೊಂಡಿರುತ್ತದೆ. ಗಾಂಜಾ ದೇಹಕ್ಕೂ ಮನಸ್ಸಿಗೂ ಎಷ್ಟರಮಟ್ಟಿಗೆ ಕೆಡುಕೆಂಬುದನ್ನು ನಿರ್ಣಯಿಸುವುದು ವೈದ್ಯರ ಕೆಲಸ. ಅದಕ್ಕೆ ನಾವು ಕೈಹಾಕುವುದಿಲ್ಲ. ಇಲ್ಲಿ ನಾವು ವಿವೇಚಿಸಲು ಉದ್ದೇಶಿಸಿರುವುದು ಆ ವಾದವಿವಾದದ ಒಂದು ಎಳೆಯನ್ನು, ತೆರಿಗೆಯ ಎಳೆಯನ್ನು. ಒಂದು ವಸ್ತುವಿನ ಮೇಲೆ ತೆರಿಗೆ ಹಾಕುವ ಸರ್ಕಾರ ಆ ವಸ್ತುವನ್ನು ಅಡಗಿಸುತ್ತಿದೆಯೆ, ಅಂಗೀಕರಿಸುತ್ತಿದೆಯೆ? ಗಾಂಜಾದ ವಿಷಯದಲ್ಲಿ ಅಮೆರಿಕ ಮುಕ್ಕಾಲು ಶತಮಾನದೊಳಗಾಗಿ ಈ ಎರಡು ಉತ್ತರಗಳನ್ನೂ ಒಂದೇ ಸಾಧನದಿಂದ ಕೊಡಲು ಯತ್ನಿಸಿತು. ಹತ್ತೊಂಬತ್ತನೆಯ ಪ್ರಸ್ತಾವದ ಸೋಲಿಗೂ, ಮುಂದಿನ ಗೆಲವಿನ ಒಳಗಿದ್ದ ತೊಡಕಿಗೂ ಮೂಲ ಇಲ್ಲಿಯೇ ಇದೆಯೆಂಬುದು ನಮ್ಮ ಅಭಿಪ್ರಾಯ.

ಮೊದಲು, ಇಂತಹ ಪ್ರಶ್ನೆ ನೇರವಾಗಿ ಜನರ ಮುಂದೆ ಬರುವ ಬಗೆಯನ್ನು ತಿಳಿದುಕೊಳ್ಳಬೇಕು. ನಮ್ಮ ಸಂವಿಧಾನದಲ್ಲಿ ಈ ಏರ್ಪಾಡಿಲ್ಲ. ಕೇಂದ್ರದಲ್ಲಾಗಲಿ ರಾಜ್ಯಗಳಲ್ಲಾಗಲಿ ಕಾಯಿದೆ ಮಾಡುವುದು ಶಾಸಕರಿಗೆ ಸೇರಿದ ಕೆಲಸ. ಕ್ಯಾಲಿಫೋರ್ನಿಯದಲ್ಲಿ ಮತದಾರರೇ ಮಸೂದೆಯನ್ನು ಬರೆದು, ಸಹಿ ಸಂಗ್ರಹಿಸಿ, ಶಾಸನಸಭೆಯನ್ನು ದಾಟಿಕೊಂಡು ಮತಪತ್ರಕ್ಕೆ ತರಬಹುದು. ಇದಕ್ಕೆ ಅಲ್ಲಿ ‘ಇನಿಷಿಯೇಟಿವ್’ ಎಂದು ಹೆಸರು; ನಾವು ಜನೋಪಕ್ರಮವೆನ್ನೋಣ. ಸದರನ್ ಪೆಸಿಫಿಕ್ ರೈಲ್ವೆ ಕಂಪನಿಯ ಹಿಡಿತದಿಂದ ಸಂಸ್ಥಾನದ ರಾಜಕೀಯವನ್ನು ಬಿಡಿಸಬೇಕೆಂಬ ಸುಧಾರಕರ ಚಳವಳಿಯ ಫಲವಾಗಿ, ಗವರ್ನರ್ ಹೈರಮ್ ಜಾನ್ಸನ್ನರ ಕಾಲದಲ್ಲಿ, ೧೯೧೧ನೆಯ ಅಕ್ಟೋಬರಿನಲ್ಲಿ ಅದು ಸಂಸ್ಥಾನದ ಸಂವಿಧಾನವನ್ನು ಸೇರಿತು. ಸಾಮಾನ್ಯ ಕಾಯಿದೆಯೊಂದನ್ನು ಮತಪತ್ರಕ್ಕೆ ತರಬೇಕಾದರೆ ಹಿಂದಿನ ಗವರ್ನರ್ ಚುನಾವಣೆಯಲ್ಲಿ ಬಿದ್ದ ಮತಗಳ ನೂರಕ್ಕೆ ಐದರಷ್ಟು ಮತದಾರರ ಸಹಿ ಬೇಕು. ೨೦೧೦ರಲ್ಲಿ ಈ ಸಂಖ್ಯೆ ೪,೩೩,೯೭೧ ಆಗಿದ್ದಿತು.

ಈ ವ್ಯವಸ್ಥೆಯ ಒಂದು ಲಕ್ಷಣವನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಶಾಸನಸಭೆಯಲ್ಲಿ ಮಸೂದೆಯೊಂದರ ಹತ್ತನೆಯ ಕಲಮು ಹಿಡಿಸದಿದ್ದರೆ ಅದನ್ನು ತಿದ್ದಿಸಬಹುದು, ಕೈಬಿಡಿಸಬಹುದು. ಮತಪತ್ರದ ಮುಂದೆ ನಿಂತವನಿಗೆ ಹೌದು, ಅಲ್ಲ ಎಂಬ ಎರಡೇ ಮಾತು. ಗಾಂಜಾಕ್ಕೆ ಅನುಮತಿಯಿರಲಿ ಎನ್ನುವವನಿಗೆ ಆ ಒಂದು ಕಲಮು ಸಲ್ಲದಿದ್ದರೆ ಅವನು ಇಡಿಯ ಮಸೂದೆಗೇ ಅಲ್ಲವೆನ್ನಬೇಕಾಗುತ್ತದೆ. ೨೦೧೦ರಲ್ಲಿ ಹಾಗೆಂದವರು ಕಡಮೆಯಿರಲಿಲ್ಲ.

ಇನ್ನು ನಿಷೇಧದ ವಿಷಯ. ಜನೋಪಕ್ರಮ ಬಂದ ಎರಡು ವರ್ಷಗಳೊಳಗೆ, ೧೯೧೩ರಲ್ಲಿ, ಕ್ಯಾಲಿಫೋರ್ನಿಯ ಗಾಂಜಾವನ್ನು ನಿಷೇಧಿಸಿತು. ಅದೂ ಜನರನ್ನು ಕೇಳಿ ಅಲ್ಲ, ವಿಷಪದಾರ್ಥಗಳ ಕಾಯಿದೆಗೆ ಮಾಡಿದ ತಿದ್ದುಪಡಿಯೊಂದರ ಮೂಲಕ. ಔಷಧಿ ವ್ಯಾಪಾರವನ್ನು ನೋಡಿಕೊಳ್ಳುತ್ತಿದ್ದ ಮಂಡಲಿಯ ಹೆನ್ರಿ ಫಿಂಗರ್ ಎಂಬ ಸದಸ್ಯರು ೧೯೧೧ರಲ್ಲಿಯೇ ಇದಕ್ಕಾಗಿ ಒತ್ತಾಯಿಸಿದ್ದರು. ಅವರು ಕೊಟ್ಟ ಕಾರಣ ನಮಗೆ ಕುತೂಹಲಕರವಾದುದು: ಸ್ಯಾನ್ ಫ್ರಾನ್ಸಿಸ್ಕೊ ಪ್ರಾಂತದಲ್ಲಿ ಬಂದಿಳಿಯುತ್ತಿದ್ದ ‘ಹಿಂದೂ’ಗಳು ಈ ಚಟವನ್ನು ತರುತ್ತಿದ್ದಾರೆಂಬುದು. ಅವರು ಹಿಂದೂಗಳೆಂದದ್ದು ಬಹುಮಟ್ಟಿಗೆ ಪಂಜಾಬಿನಿಂದ ಹೋದ ಸಿಖ್ ಕೂಲಿಕಾರರನ್ನು. ಸಿಖ್ಖರ ಆಚಾರದಲ್ಲಿ ಹೊಗೆ ಸೇದುವುದಕ್ಕೆ ಇರುವ ಅಡ್ಡಿಯನ್ನು ಬಲ್ಲವರಿಗೆ ಈ ಆರೋಪ ವಿಚಿತ್ರವಾಗಿಯೇ ತೋರುತ್ತದೆ. ಮುಂದೆ ಮೆಕ್ಸಿಕೋದ ವಲಸೆಗಾರರ ಸಂಖ್ಯೆ ಹೆಚ್ಚಿದಂತೆ ಆರೋಪದ ಭಾರ ಅವರ ಹೆಗಲಿಗೆ ದಾಟಿತು. ವಸ್ತುವಿನ ಹೆಸರೂ ಅವರ ಬಾಯಿನ ‘ಮರಿಹುವಾನ’ವೇ ಆಯಿತು. ಬೇಡದ ವಸ್ತುವಿಗೆ ಬೇಡದ ಜನರ ಹೆಸರನ್ನು ಅಂಟಿಸುವ ಪದ್ಧತಿ ಎಲ್ಲ ದೇಶಗಳಲ್ಲಿಯೂ ಕಂಡುಬರುತ್ತದೆ.

ಸಂಸ್ಥಾನಗಳು ಒಂದೊಂದಾಗಿ ನಿಷೇಧಿಸುತ್ತ ಬಂದ ಮೇಲೆ ವಾಷಿಂಗ್‌ಟನ್ನಿನ ಒಕ್ಕೂಟ ಸರ್ಕಾರವೂ ಮುಂದೆ ಬಂದಿತು. ಆದರೆ ಅದಕ್ಕೊಂದು ತೊಡಕಿದ್ದಿತು. ಜನರ ನಡತೆಯನ್ನು ಹತೋಟಿಯಲ್ಲಿಡುವ ಅಧಿಕಾರ ಸಂಸ್ಥಾನಗಳದೆಂದೂ, ಒಕ್ಕೂಟದ ಶಾಸನಸಭೆಯಾದ ಕಾಂಗ್ರೆಸ್ಸು ವಸ್ತುವೊಂದನ್ನು ನೇರವಾಗಿ ನಿಷೇಧಿಸಲಾರದೆಂದೂ ಆಗಿನ ನ್ಯಾಯಶಾಸ್ತ್ರದ ತಿಳಿವಳಿಕೆ. ಮದ್ಯವನ್ನು ನಿಲ್ಲಿಸಬೇಕಾದಾಗ ಸಂವಿಧಾನವನ್ನೇ ತಿದ್ದಬೇಕಾಯಿತಲ್ಲವೆ? ತೆರಿಗೆ ಹಾಕುವ ಅಧಿಕಾರವಾದರೋ ಕಾಂಗ್ರೆಸ್ಸಿಗೆ ನಿಸ್ಸಂದೇಹವಾಗಿ ಇದ್ದಿತು. ಅಫೀಮಿನ ವಿಷಯದಲ್ಲಿ ೧೯೧೪ರಲ್ಲಿಯೂ, ಯಂತ್ರಬಂದೂಕುಗಳ ವಿಷಯದಲ್ಲಿ ೧೯೩೪ರಲ್ಲಿಯೂ ಅದು ತೆರಿಗೆಯ ದಾರಿಯನ್ನೇ ಹಿಡಿದಿತ್ತು. ಗಾಂಜಾಕ್ಕೂ ಅದನ್ನೇ ಅನುಸರಿಸಲಾಯಿತು.

೧೯೩೭ನೆಯ ಆಗಸ್ಟ್ ೨ರಂದು ಅಧ್ಯಕ್ಷ ರೂಸ್‌ವೆಲ್ಟರು ಸಹಿ ಮಾಡಿ, ಅಕ್ಟೋಬರ್ ೧ರಿಂದ ಜಾರಿಗೆ ಬಂದ ಕಾಯಿದೆಯ ಹೆಸರು ‘ಮರಿಹುವಾನ ತೆರಿಗೆ ಕಾಯಿದೆ’. ಹೆಸರನ್ನಷ್ಟೇ ಓದಿದವರಿಗೆ ಇದು ಬೊಕ್ಕಸವನ್ನು ತುಂಬುವ ಕಾಯಿದೆಯೆಂದು ತೋರೀತು. ನೋಂದಣಿ ಮಾಡಿಸಿಕೊಂಡವರಿಗೆ ವಸ್ತುವನ್ನು ಕೈಮಾರಿಸಿದರೆ ಔನ್ಸಿಗೆ ಒಂದು ಡಾಲರು ತೆರಿಗೆ. ನೋಂದಣಿ ಇಲ್ಲದವರಿಗೆ ಕೈಮಾರಿಸಿದರೆ ನೂರು ಡಾಲರು. ನೋಂದಣಿಯ ಸೌಲಭ್ಯವಿದ್ದದ್ದು ವೈದ್ಯರು, ಔಷಧಿ ವ್ಯಾಪಾರಿಗಳು, ನಾರಿಗಾಗಿ ಸೆಣಬು ಬೆಳೆಯುವವರು ಮುಂತಾದವರಿಗೆ. ಉಳಿದವರು ನೂರು ಡಾಲರನ್ನು ತೆತ್ತು ಗಾಂಜಾ ಕೊಂಡಾರೆಂದು ಯಾರೂ ನಿರೀಕ್ಷಿಸಿರಲಿಲ್ಲ. ಎಂದರೆ ತೆರಿಗೆ ವಸೂಲಾಗಬಾರದೆಂಬುದೇ ಈ ತೆರಿಗೆಯ ಉದ್ದೇಶ. ತೆರದವನು ಅಪರಾಧಿ, ಅವನ ಅಪರಾಧ ಗಾಂಜಾ ಇಟ್ಟುಕೊಂಡದ್ದಲ್ಲ, ತೆರಿಗೆ ಕೊಡದಿದ್ದದ್ದು.

ಮಾದಕವಸ್ತು ಶಾಖೆಯ ಮುಖ್ಯಾಧಿಕಾರಿ ಹ್ಯಾರಿ ಆನ್ಸ್‌ಲಿಂಗರ್ ಈ ಕಾಯಿದೆಯ ಪ್ರಮುಖ ಪ್ರತಿಪಾದಕರು. ಕಾಂಗ್ರೆಸ್ಸಿನ ಸಮಿತಿಯ ಮುಂದೆ ಇದನ್ನು ವಿರೋಧಿಸಿದವರಲ್ಲಿ ಅಮೆರಿಕದ ವೈದ್ಯಸಂಘದ ಪರವಾಗಿ ಬಂದಿದ್ದ ಡಾಕ್ಟರ್ ವಿಲಿಯಂ ವುಡ್‌ವರ್ಡರು ಮುಖ್ಯರು. ಮಸೂದೆಯನ್ನು ಗುಟ್ಟಾಗಿ ಸಿದ್ಧಪಡಿಸಲಾಯಿತೆಂದೂ, ಮರಿಹುವಾನವೆಂಬ ಹೆಸರಿನಿಂದಾಗಿ ತಾವು ಬಲ್ಲ ‘ಕ್ಯಾನಬಿಸ್’ ಎಂಬ ಔಷಧಿಯೇ ಇದೆಂಬುದು ವೈದ್ಯರಿಗೆ ತಿಳಿಯಲಿಲ್ಲವೆಂದೂ ಅವರು ಆಕ್ಷೇಪಿಸಿದರು. ಆಕ್ಷೇಪಣೆ ಕಡತ ಸೇರಿತು. ಕಾಯಿದೆ ಜಾರಿಗೆ ಬಂದಿತು.

ಈ ಕಾಯಿದೆ ಮೂವತ್ತೆರಡು ವರ್ಷ ನಿಂತಿತು. ೧೯೬೯ರಲ್ಲಿ ಟಿಮೊತಿ ಲಿಯರಿ ಎಂಬವರ ಮೊಕದ್ದಮೆಯಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಇದರೊಳಗಿನ ಬೋನನ್ನು ಬಯಲಿಗೆಳೆಯಿತು. ತೆರಿಗೆ ಕೊಡಲು ಹೋದವನು ತನ್ನ ಹೆಸರನ್ನೂ ತನ್ನಲ್ಲಿ ಗಾಂಜಾ ಇರುವ ಸಂಗತಿಯನ್ನೂ ಬರೆದುಕೊಡಬೇಕು. ಆ ಬರಹ ಸಂಸ್ಥಾನದ ಪೋಲೀಸರಿಗೆ ದೊರೆಯುವಂತಿದ್ದಿತು. ಸಂಸ್ಥಾನದಲ್ಲಾದರೋ ಗಾಂಜಾ ಇಟ್ಟುಕೊಳ್ಳುವುದೇ ಅಪರಾಧ. ಕೊಟ್ಟರೂ ಸೆರೆ, ಕೊಡದಿದ್ದರೂ ಸೆರೆ. ಯಾರನ್ನೂ ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಬಲಾತ್ಕರಿಸಬಾರದೆಂಬ ಸಂವಿಧಾನದ ಐದನೆಯ ತಿದ್ದುಪಡಿಗೆ ಇದು ವಿರುದ್ಧವೆಂದು ನ್ಯಾಯಾಲಯ ತೀರ್ಪಿತ್ತಿತು. ಮರುವರ್ಷವೇ ಕಾಂಗ್ರೆಸ್ಸು ತೆರಿಗೆಯ ವೇಷವನ್ನು ಕಳಚಿಟ್ಟು ನೇರವಾದ ನಿಷೇಧದ ಕಾಯಿದೆಯನ್ನು ಮಾಡಿ, ಗಾಂಜಾವನ್ನು ಅತ್ಯಂತ ಕಠಿಣವಾದ ಮೊದಲನೆಯ ಪಟ್ಟಿಗೆ ಸೇರಿಸಿತು.

ಮುಂದಿನ ನಾಲ್ಕು ದಶಕಗಳನ್ನು ಶೀಘ್ರವಾಗಿ ದಾಟಬಹುದು. ೧೯೭೨ರಲ್ಲಿ ಕ್ಯಾಲಿಫೋರ್ನಿಯದ ಮತದಾರರ ಮುಂದೆ ಗಾಂಜಾ ಮೊದಲ ಬಾರಿಗೆ ಬಂದಿತು. ಕಾಕತಾಳೀಯವಾಗಿ ಆ ಪ್ರಸ್ತಾವದ ಕ್ರಮಾಂಕವೂ ೧೯. ಮೂರರಲ್ಲಿ ಎರಡು ಪಾಲು ಮತದಾರರು ಅದನ್ನು ತಿರಸ್ಕರಿಸಿದರು. ೧೯೭೬ರಿಂದ ಶಾಸನಸಭೆಯೇ ಸ್ವಲ್ಪ ಪ್ರಮಾಣದ ಗಾಂಜಾ ಇಟ್ಟುಕೊಳ್ಳುವ ತಪ್ಪಿಗೆ ನೂರು ಡಾಲರು ದಂಡ ಸಾಕೆಂದು ಸಡಿಲಿಸಿತು. ೧೯೯೬ರಲ್ಲಿ ೨೧೫ನೆಯ ಪ್ರಸ್ತಾವದ ಮೂಲಕ ವೈದ್ಯರ ಸಲಹೆಯ ಮೇಲೆ ರೋಗಿಗಳು ಗಾಂಜಾ ಬಳಸಲು ಅನುಮತಿ ದೊರೆಯಿತು. ಅಲ್ಲಿಂದಾಚೆಗೆ ರೋಗಿಗಳ ಹೆಸರಿನ ಅಂಗಡಿಗಳು ಹುಟ್ಟಿಕೊಂಡುವು. ಅಂಗಡಿಯ ಎದುರಿನ ಬಾಗಿಲು ಸಂಸ್ಥಾನದ ಕಾಯಿದೆಗೆ ಸರಿ, ಒಕ್ಕೂಟದ ಕಾಯಿದೆಗೆ ತಪ್ಪು. ಸರಕು ಬರುವ ಹಿತ್ತಿಲ ಬಾಗಿಲನ್ನು ಕುರಿತು ಎರಡೂ ಸ್ಪಷ್ಟವಾಗಿ ಏನನ್ನೂ ಹೇಳಲೊಲ್ಲವು. ಒಕ್ಕೂಟದ ಕಾಯಿದೆಯೇ ಮೇಲೆಂದು ೨೦೦೫ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿದರೂ ಅಂಗಡಿಗಳು ಮುಚ್ಚಲಿಲ್ಲ.

ಇಂತಹ ಸಂದರ್ಭದಲ್ಲಿ ೨೦೦೮ರ ಆರ್ಥಿಕ ಕುಸಿತ ಬಂದಿತು. ಕ್ಯಾಲಿಫೋರ್ನಿಯದ ಬೊಕ್ಕಸ ಎಷ್ಟರಮಟ್ಟಿಗೆ ಬರಿದಾಯಿತೆಂದರೆ, ೨೦೦೯ನೆಯ ಜುಲೈಯಲ್ಲಿ ಸಂಸ್ಥಾನ ತಾನು ಕೊಡಬೇಕಾದ ಹಣಕ್ಕೆ ಬದಲಾಗಿ ಸಾಲಪತ್ರಗಳನ್ನು ಬರೆದುಕೊಟ್ಟಿತು. ಅದೇ ವರ್ಷದ ಫೆಬ್ರವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಶಾಸಕ ಟಾಮ್ ಅಮ್ಮಿಯಾನೊ ಗಾಂಜಾಕ್ಕೆ ಔನ್ಸಿಗೆ ೫೦ ಡಾಲರು ತೆರಿಗೆ ಹಾಕಿ ಮಾರಲು ಬಿಡುವ ಮಸೂದೆಯೊಂದನ್ನು ತಂದಿದ್ದರು. ಇದರಿಂದ ವರ್ಷಕ್ಕೆ ಸುಮಾರು ೧೪೦ ಕೋಟಿ ಡಾಲರು ಬಂದೀತೆಂದು ಸಂಸ್ಥಾನದ ತೆರಿಗೆ ಮಂಡಲಿ ಅಂದಾಜು ಮಾಡಿತು. ಮಸೂದೆ ಮುಂದೆ ಸಾಗಲಿಲ್ಲ. ಆದರೆ ಆ ೧೪೦ ಕೋಟಿ ಎಂಬ ಅಂಕಿ ಊರೂರು ಸುತ್ತಿತು. ೧೯೩೦ರ ಮುಗ್ಗಟ್ಟಿನಲ್ಲಿ ಪಾನನಿರೋಧವನ್ನು ರದ್ದುಮಾಡಬೇಕೆಂದವರೂ ಮದ್ಯದ ಸುಂಕದ ಆಸೆಯನ್ನು ತೋರಿಸಿಯೇ ಜನರನ್ನು ಒಲಿಸಿಕೊಂಡಿದ್ದರೆಂಬುದನ್ನು ಇಲ್ಲಿ ನೆನೆಯಬೇಕು. ಬೊಕ್ಕಸ ತುಂಬಿರುವಾಗ ಪಾಪವೆನಿಸಿದ್ದು ಬೊಕ್ಕಸ ಬರಿದಾದಾಗ ಪದಾರ್ಥವೆನಿಸುತ್ತದೆ.

ಓಕ್‌ಲ್ಯಾಂಡ್ ನಗರದಲ್ಲಿ ಇನ್ನೂ ವಿಚಿತ್ರವಾದ ಸಂಗತಿ ನಡೆಯಿತು. ೨೦೦೯ನೆಯ ಜುಲೈಯಲ್ಲಿ ಅಲ್ಲಿನ ಗಾಂಜಾ ಅಂಗಡಿಗಳ ವಹಿವಾಟಿನ ಮೇಲೆ ನೂರಕ್ಕೆ ೧.೮ರಂತೆ ವಿಶೇಷ ತೆರಿಗೆ ಹಾಕುವ ಪ್ರಶ್ನೆ ನಗರದ ಮತದಾರರ ಮುಂದೆ ಬಂದಿತು. ಸುಮಾರು ಐದರಲ್ಲಿ ನಾಲ್ಕು ಪಾಲು ಮತಗಳಿಂದ ಅಂಗೀಕೃತವಾಯಿತು. ಇದನ್ನು ಬೇಡಿದವರಲ್ಲಿ ಅಂಗಡಿಯವರೇ ಮುಂದಾಳುಗಳು! ತೆರಿಗೆ ಹಾಕಿರೆಂದು ವರ್ತಕರೇ ಅರ್ಜಿ ಹಿಡಿದು ನಿಲ್ಲುವ ಪ್ರಸಂಗ ಆರ್ಥಿಕ ಇತಿಹಾಸದಲ್ಲಿ ಅಪೂರ್ವ. ಕಾರಣ ಮಾತ್ರ ಗೂಢವಾದುದಲ್ಲ. ತೆರಿಗೆಯ ರಸೀದಿ ಕೈಗೆ ಬಂದವನು ಕಳ್ಳವ್ಯಾಪಾರಿಯಲ್ಲ, ನಗರದ ವರ್ತಕ. ೧೯೩೭ರಲ್ಲಿ ತೆರಿಗೆಯ ಚೀಟಿ ಸೆರೆಮನೆಯ ದಾರಿಯಾಗಿದ್ದಿತು. ೨೦೦೯ರಲ್ಲಿ ಅದೇ ಚೀಟಿ ಮರ್ಯಾದೆಯ ಗುರುತಾಯಿತು.

ಹತ್ತೊಂಬತ್ತನೆಯ ಪ್ರಸ್ತಾವ ಹುಟ್ಟಿದ್ದೂ ಈ ಓಕ್‌ಲ್ಯಾಂಡಿನಲ್ಲಿಯೇ. ಗಾಂಜಾ ಬೇಸಾಯವನ್ನು ಕಲಿಸಲು ಓಕ್‌ಸ್ಟರ್‌ಡಾಮ್ ಎಂಬ ಶಾಲೆಯನ್ನು ತೆರೆದಿದ್ದ ರಿಚರ್ಡ್ ಲೀ ಎಂಬವರು ಇದರ ಮುಖ್ಯ ಪ್ರವರ್ತಕರು. ಅದರ ಪೂರ್ಣ ಹೆಸರಿನಲ್ಲಿ ಮೂರು ಕ್ರಿಯೆಗಳಿದ್ದುವು: ಕ್ರಮಬದ್ಧಗೊಳಿಸುವುದು, ಹತೋಟಿಯಲ್ಲಿಡುವುದು, ತೆರಿಗೆ ಹಾಕುವುದು. ವಯಸ್ಕನೊಬ್ಬ ಒಂದು ಔನ್ಸಿನವರೆಗೆ ಇಟ್ಟುಕೊಳ್ಳಬಹುದು. ಇಪ್ಪತ್ತೈದು ಚದರಡಿ ಜಾಗದಲ್ಲಿ ಸ್ವಂತಕ್ಕೆ ಬೆಳೆದುಕೊಳ್ಳಬಹುದು. ವ್ಯಾಪಾರಕ್ಕೆ ಅನುಮತಿ ಕೊಡುವುದೂ ಬಿಡುವುದೂ, ಎಷ್ಟು ತೆರಿಗೆ ಹಾಕಬೇಕೆಂಬುದೂ ಆಯಾ ನಗರದ, ಕೌಂಟಿಯ ಇಚ್ಛೆ. ಈ ಕೊನೆಯ ಏರ್ಪಾಡನ್ನು ಗಮನಿಸಬೇಕು. ಹೆಸರಿನಲ್ಲಿ ತೆರಿಗೆ ಇದ್ದಿತು. ಒಳಗೆ ತೆರಿಗೆಯ ದರ ಇರಲಿಲ್ಲ. ಸಂಸ್ಥಾನದ ಬೊಕ್ಕಸಕ್ಕೆ ಇಷ್ಟು ಬಂದೇ ಬರುವುದೆಂದು ಹೇಳಬಲ್ಲ ಒಂದು ವಾಕ್ಯವೂ ಅದರಲ್ಲಿರಲಿಲ್ಲ. ಸಂಸ್ಥಾನದ ಶಾಸನ ವಿಶ್ಲೇಷಣಾ ಕಚೇರಿ, ಕೋಟಿ ಕೋಟಿ ಡಾಲರುಗಳ ಆದಾಯ ಸಾಧ್ಯವೆಂದರೂ, ಅದು ಒಕ್ಕೂಟ ಸರ್ಕಾರದ ವರ್ತನೆಯನ್ನೂ ಊರೂರಿನ ನಿರ್ಧಾರಗಳನ್ನೂ ಅವಲಂಬಿಸಿದೆಯೆಂದು ಎಚ್ಚರಿಸಿತು.

ವಾದದ ಎರಡು ಕಡೆಗಳಲ್ಲಿ ನಿಂತವರ ಪಟ್ಟಿಯನ್ನು ನೋಡಿದರೆ ಪಕ್ಷಭೇದದ ಸಾಮಾನ್ಯ ಸೂತ್ರ ಇಲ್ಲಿ ಸಾಲದೆಂಬುದು ವಿಶದವಾಗುತ್ತದೆ. ಗವರ್ನರ್ ಪದವಿಗೆ ಸ್ಪರ್ಧಿಸಿದ್ದ ಡೆಮಾಕ್ರಟಿಕ್ ಪಕ್ಷದ ಜೆರಿ ಬ್ರೌನ್, ರಿಪಬ್ಲಿಕನ್ ಪಕ್ಷದ ಮೆಗ್ ವಿಟ್ಮನ್ ಇಬ್ಬರೂ ವಿರೋಧಿಗಳು; ಸೆನೆಟ್ ಸದಸ್ಯೆ ಡಯಾನ್ ಫೈನ್‌ಸ್ಟೈನರೂ ವಿರೋಧಿ. ಪೋಲೀಸು ಮುಖ್ಯಾಧಿಕಾರಿಗಳ ಸಂಘ ವಿರೋಧಿಸಿತು. ಸ್ಯಾನ್ ಹೋಸೆ ನಗರದ ಮಾಜಿ ಪೋಲೀಸು ಮುಖ್ಯಾಧಿಕಾರಿ ಜೋಸೆಫ್ ಮೆಕ್‌ನಮಾರರು ಬೆಂಬಲಿಸಿದರು. ವಾಣಿಜ್ಯ ಮಂಡಲಿಯ ಆಕ್ಷೇಪಣೆ ಒಂದು ಕಲಮಿನ ಮೇಲಿತ್ತು. ಕೆಲಸಗಾರನ ಕಾರ್ಯಸಾಮರ್ಥ್ಯ ನಿಜವಾಗಿ ಕುಂದಿದಾಗ ಮಾತ್ರ ಮಾಲಿಕ ಗಾಂಜಾದ ಕಾರಣಕ್ಕೆ ಕ್ರಮ ಕೈಗೊಳ್ಳಬಹುದೆಂಬ ಅರ್ಥ ಅದಕ್ಕೆ ಹೊರಡುತ್ತಿತ್ತು. ಲಾರಿಯ ಚಾಲಕನ ಸಾಮರ್ಥ್ಯ ಕುಂದಿತೆಂದು ತಿಳಿಯುವುದು ಲಾರಿ ಉರುಳಿದ ಮೇಲೆ ತಾನೆ, ಎಂಬುದು ಅವರ ಪ್ರಶ್ನೆ. ಪ್ರಶ್ನೆ ನ್ಯಾಯವಾದುದೇ. ಶಾಸನಸಭೆಯಲ್ಲಿ ಒಂದು ಮಧ್ಯಾಹ್ನದಲ್ಲಿ ತಿದ್ದಬಹುದಾಗಿದ್ದ ಕಲಮು ಅದು. ಮತಪತ್ರದಲ್ಲಿ ತಿದ್ದುವ ದಾರಿಯಿರಲಿಲ್ಲ.

ಬೆಂಬಲಿಗರ ಪಕ್ಷದಲ್ಲಿ ನಮಗೆ ಅತ್ಯಂತ ತೂಕವುಳ್ಳದ್ದಾಗಿ ಕಾಣುವ ವಾದ ಹಣದ್ದಲ್ಲ. ಕರಿಯ ಜನರ ಹಕ್ಕುಗಳಿಗಾಗಿ ದುಡಿಯುವ ಪ್ರಾಚೀನ ಸಂಸ್ಥೆಯ ಕ್ಯಾಲಿಫೋರ್ನಿಯ ಶಾಖೆ, ಆಲಿಸ್ ಹಫ್‌ಮನ್ನರ ನಾಯಕತ್ವದಲ್ಲಿ, ಇದನ್ನು ನಾಗರಿಕ ಹಕ್ಕಿನ ಪ್ರಶ್ನೆಯೆಂದು ಸಾರಿತು. ಸಂಸ್ಥಾನದ ಇಪ್ಪತ್ತೈದು ದೊಡ್ಡ ಕೌಂಟಿಗಳಲ್ಲಿ ಗಾಂಜಾ ಇಟ್ಟುಕೊಂಡ ಕಾರಣಕ್ಕಾಗಿ ಕರಿಯರು ಬಿಳಿಯರಿಗಿಂತ ಎರಡು, ಮೂರು, ಕೆಲವೆಡೆ ನಾಲ್ಕು ಪಟ್ಟು ಪ್ರಮಾಣದಲ್ಲಿ ಬಂಧಿತರಾಗುತ್ತಿದ್ದಾರೆಂಬ ವರದಿಯೊಂದು ಆ ವರ್ಷ ಪ್ರಕಟವಾಗಿದ್ದಿತು. ಬಳಕೆಯಲ್ಲಾದರೋ ಕರಿಯ ತರುಣರು ಬಿಳಿಯ ತರುಣರಿಗಿಂತ ಮುಂದಿರಲಿಲ್ಲ. ದಂಡ ನೂರು ಡಾಲರೇ ಇರಬಹುದು; ಆದರೆ ಅಪರಾಧಿಯೆಂಬ ದಾಖಲೆ ಉದ್ಯೋಗಕ್ಕೆ, ಬಾಡಿಗೆಯ ಮನೆಗೆ, ವಿದ್ಯಾರ್ಥಿವೇತನಕ್ಕೆ ಅಡ್ಡ ಬರುತ್ತದೆ. ೧೯೧೧ರಲ್ಲಿ ಪಂಜಾಬಿಗಳನ್ನು ತೋರಿಸಿ ಹೊರಟ ಕಾಯಿದೆ ನೂರು ವರ್ಷಗಳ ಬಳಿಕವೂ ಜನರ ಬಣ್ಣ ನೋಡಿಯೇ ನಡೆಯುತ್ತಿದ್ದಿತೆಂದರೆ ಅತಿಶಯೋಕ್ತಿಯಾಗಲಾರದು. ಇಷ್ಟಾದರೂ ಚಳವಳಿ ಜನರ ಮುಂದೆ ಹೆಚ್ಚಾಗಿ ಹಿಡಿದದ್ದು ಬೊಕ್ಕಸದ ಲೆಕ್ಕವನ್ನು. ಅದು ಅದರ ದೋಷವೆಂದು ನಾವು ಭಾವಿಸುತ್ತೇವೆ. ಏಕೆಂದರೆ ಲೆಕ್ಕವನ್ನು ಲೆಕ್ಕದಿಂದಲೇ ಮುರಿಯಬಹುದು.

ಮುರಿದದ್ದೂ ಹಾಗೆಯೇ. ೨೦೧೦ನೆಯ ಜುಲೈಯಲ್ಲಿ ರ್‍ಯಾಂಡ್ ಸಂಶೋಧನಾ ಸಂಸ್ಥೆಯ ಅಧ್ಯಯನವೊಂದು ಪ್ರಕಟವಾಯಿತು. ನಿಷೇಧ ತೊಲಗಿದರೆ ಉತ್ತಮ ದರ್ಜೆಯ ಗಾಂಜಾದ ಬೆಲೆ, ತೆರಿಗೆಯನ್ನು ಬಿಟ್ಟು, ಔನ್ಸಿಗೆ ಸುಮಾರು ೩೭೫ ಡಾಲರಿನಿಂದ ೩೮ ಡಾಲರಿನವರೆಗೂ ಇಳಿಯಬಹುದೆಂದು ಅದು ಹೇಳಿತು. ಬೆಲೆಯ ಬಹುಪಾಲು ಗಿಡದ್ದಲ್ಲ, ಅಪಾಯದ್ದು. ಸೆರೆಮನೆಯ ಹೆದರಿಕೆ ಹೋದರೆ ಬೆಲೆಯೂ ಹೋಗುತ್ತದೆ. ಇಳಿದ ಬೆಲೆಯ ಮೇಲೆ ಐವತ್ತು ಡಾಲರು ತೆರಿಗೆ ಹಾಕಿದರೆ ತೆರಿಗೆಯೇ ಸರಕಿಗಿಂತ ದುಬಾರಿ. ಆಗ ತೆರಿಗೆ ತಪ್ಪಿಸುವವನಿಗೆ ಲಾಭ. ತೆರಿಗೆಯನ್ನು ಇಳಿಸಿದರೆ ಬಳಕೆ ಏರುತ್ತದೆ, ಆದಾಯದ ಆಸೆ ಬಾಡುತ್ತದೆ. ಬಳಕೆ ಎಷ್ಟು ಏರೀತು, ಆದಾಯ ಎಷ್ಟು ಬಂದೀತು ಎಂಬುದನ್ನು ನಿಶ್ಚಯವಾಗಿ ಹೇಳಲಾಗದೆಂದೇ ಆ ಅಧ್ಯಯನಕಾರರ ಮುಖ್ಯ ಮಾತು. ಮೆಕ್ಸಿಕೋದ ಕಳ್ಳಸಾಗಣೆಯ ಕೂಟಗಳು ಕುಸಿದುಬೀಳುವುವೆಂಬ ವಾದವನ್ನೂ ಅದೇ ಸಂಸ್ಥೆ ಅಕ್ಟೋಬರಿನಲ್ಲಿ ತಗ್ಗಿಸಿತು: ಆ ಕೂಟಗಳ ರಫ್ತಿನ ಆದಾಯದಲ್ಲಿ ನೂರಕ್ಕೆ ಎರಡರಿಂದ ನಾಲ್ಕರಷ್ಟು ಮಾತ್ರ ಕಡಮೆಯಾದೀತೆಂದು ಅದರ ಎಣಿಕೆ.

ಬೆಲೆ ಇಳಿಯುವುದೆಂಬ ಮಾತನ್ನು ಎಲ್ಲರಿಗಿಂತ ಗಮನವಿಟ್ಟು ಕೇಳಿದವರು ಗಾಂಜಾ ಬೆಳೆಗಾರರು. ಸಂಸ್ಥಾನದ ಉತ್ತರಕ್ಕೆ ಹಂಬೋಲ್ಟ್, ಮೆಂಡೊಸಿನೊ, ಟ್ರಿನಿಟಿ ಎಂಬ ಮೂರು ಕೌಂಟಿಗಳಿವೆ. ಮರ ಕಡಿಯುವ ಉದ್ಯಮ ಕ್ಷೀಣಿಸಿದ ಮೇಲೆ ಆ ಕಾಡುಬೆಟ್ಟಗಳ ನಡುವೆ ಗಾಂಜಾವೇ ಜೀವನೋಪಾಯವಾಗಿದ್ದಿತು. ಅದೇ ಜುಲೈಯಲ್ಲಿ ಓಕ್‌ಲ್ಯಾಂಡಿನ ನಗರಸಭೆ ನಾಲ್ಕು ದೊಡ್ಡ ಕಾರ್ಖಾನೆಯಂತಹ ಬೇಸಾಯಗಳಿಗೆ ಅನುಮತಿ ಕೊಡಲು ತೀರ್ಮಾನಿಸಿತು. ಬೆಟ್ಟದ ಸಣ್ಣ ಬೆಳೆಗಾರನಿಗೆ ತನ್ನ ಭವಿಷ್ಯ ಕಣ್ಣಿಗೆ ಕಟ್ಟಿತು. ಪರಿಣಾಮವಾಗಿ ಈ ಮೂರು ಕೌಂಟಿಗಳೂ ಪ್ರಸ್ತಾವದ ವಿರುದ್ಧ ಮತ ಕೊಟ್ಟುವು. ಗಾಂಜಾದಿಂದ ಬದುಕುವವರೂ, ಗಾಂಜಾ ಹಾಳೆನ್ನುವ ಪೋಲೀಸರೂ ಒಂದೇ ಪೆಟ್ಟಿಗೆಗೆ ಒಂದೇ ಬಗೆಯ ಮತ ಹಾಕಿದರು.

ಚುನಾವಣೆಗೆ ಮುನ್ನ ಇನ್ನೆರಡು ಪೆಟ್ಟುಗಳು ಬಿದ್ದುವು. ಸೆಪ್ಟೆಂಬರ್ ೩೦ರಂದು ಗವರ್ನರ್ ಶ್ವಾರ್ಟ್ಸ್‌ನೆಗರರು ಒಂದು ಔನ್ಸಿನೊಳಗಿನ ಗಾಂಜಾ ಇಟ್ಟುಕೊಳ್ಳುವುದನ್ನು ಅಪರಾಧದ ಸಾಲಿನಿಂದ ತೆಗೆದು, ರಸ್ತೆಯ ನಿಯಮಭಂಗದಂತೆ ಬರಿಯ ದಂಡಕ್ಕೆ ಇಳಿಸುವ ಮಸೂದೆಗೆ ಸಹಿ ಮಾಡಿದರು. ಪ್ರಸ್ತಾವವನ್ನು ವಿರೋಧಿಸುತ್ತಲೇ ಅದರ ಬಲವಾದ ಕಾರಣವೊಂದನ್ನು ಅವರು ಹೀಗೆ ಕಿತ್ತುಕೊಂಡರು. ಅಕ್ಟೋಬರಿನಲ್ಲಿ ಒಕ್ಕೂಟದ ಅಟಾರ್ನಿ ಜನರಲ್ ಎರಿಕ್ ಹೋಲ್ಡರರು, ಪ್ರಸ್ತಾವ ಗೆದ್ದರೂ ಒಕ್ಕೂಟದ ನಿಷೇಧವನ್ನು ಬಿಗಿಯಾಗಿ ನಡೆಸುವೆವೆಂದು ತಿಳಿಸಿದರು. ನಿಷಿದ್ಧ ವಸ್ತುವಿನ ಮೇಲೆ ಊರಿನವರು ಹಾಕಿದ ತೆರಿಗೆಯನ್ನು ಯಾರು, ಯಾವ ಧೈರ್ಯದಿಂದ ಕಟ್ಟಿಯಾರು? ಕಟ್ಟಿದವನ ಹೆಸರು ಮತ್ತೆ ಒಂದು ಕಡತಕ್ಕೆ ಸೇರುತ್ತದೆ. ೧೯೬೯ರಲ್ಲಿ ಮುರಿದ ಬೋನು ತಲೆಕೆಳಗಾಗಿ ಎದುರು ನಿಂತಂತಾಯಿತು. ಹಣದ ಬಲ ಬೆಂಬಲಿಗರಲ್ಲಿಯೇ ಹೆಚ್ಚಾಗಿದ್ದರೂ ಸ್ಯಾನ್ ಫ್ರಾನ್ಸಿಸ್ಕೊ, ಓಕ್‌ಲ್ಯಾಂಡ್ ಇರುವ ಅಲಮೀಡ, ಸಾಂತಾ ಕ್ರೂಸ್ ಮೊದಲಾದ ಕೆಲವೇ ಕೌಂಟಿಗಳು ಪ್ರಸ್ತಾವದ ಕಡೆಗೆ ನಿಂತುವು.

ತೆರಿಗೆಯಿಂದ ಹತೋಟಿ ಸಾಧ್ಯವೆ ಎಂಬ ಈ ಪ್ರಶ್ನೆ ನಮ್ಮ ದೇಶಕ್ಕೆ ಹೊಸತಲ್ಲ. ಕ್ಯಾಲಿಫೋರ್ನಿಯಕ್ಕಿಂತ ನೂರು ವರ್ಷಕ್ಕೂ ಹಿಂದೆ ಇಲ್ಲಿ ಅದರ ವಿಚಾರಣೆ ನಡೆದಿದೆ. ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಬಂದ ಪ್ರಶ್ನೆಯೊಂದರ ಫಲವಾಗಿ ೧೮೯೩ರಲ್ಲಿ ಭಾರತ ಸರ್ಕಾರ ಸೆಣಬಿನ ಮಾದಕವಸ್ತುಗಳನ್ನು ಕುರಿತ ಕಮಿಷನ್ನನ್ನು ನೇಮಿಸಿತು. ಮ್ಯಾಕ್‌ವರ್ತ್ ಯಂಗ್ ಅಧ್ಯಕ್ಷರು. ಏಳು ಸದಸ್ಯರಲ್ಲಿ ಮೂವರು ಭಾರತೀಯರು. ೧,೧೯೩ ಸಾಕ್ಷಿಗಳನ್ನು ವಿಚಾರಿಸಿ ೧೮೯೪ರಲ್ಲಿ ಅದು ಒಪ್ಪಿಸಿದ ವರದಿ ಅನೇಕ ಸಂಪುಟಗಳನ್ನು ಆಕ್ರಮಿಸಿದೆ. ಭಂಗಿ, ಗಾಂಜಾ, ಚರಸ್ ಎಂಬ ಮೂರನ್ನೂ ಅದು ಬೇರೆಬೇರೆಯಾಗಿ ಪರೀಕ್ಷಿಸಿತು. ಮಿತವಾದ ಬಳಕೆಯಿಂದ ಹೇಳಿಕೊಳ್ಳುವಂತಹ ಹಾನಿಯಿಲ್ಲವೆಂದೂ, ಅಮಿತವಾದ ಬಳಕೆ ಕೆಡುಕೆಂದೂ ತೀರ್ಮಾನಿಸಿತು. ಪೂರ್ಣ ನಿಷೇಧ ಬೇಡ. ಬೇಸಾಯಕ್ಕೆ ಪರವಾನಗಿಯಿರಲಿ, ಬೆಳೆಯನ್ನು ಒಂದೆಡೆ ಕೇಂದ್ರೀಕರಿಸಲಿ, ಅಂಗಡಿಗಳ ಸಂಖ್ಯೆಗೂ ಒಬ್ಬನು ಇಟ್ಟುಕೊಳ್ಳಬಹುದಾದ ಪ್ರಮಾಣಕ್ಕೂ ಮಿತಿಯಿರಲಿ, ಸಾಕಷ್ಟು ಸುಂಕವಿರಲಿ ಎಂಬುದು ಅದರ ಸಲಹೆ. ವರದಿ ಸರ್ವಾನುಮತದ್ದಲ್ಲವೆಂಬುದನ್ನೂ ಹೇಳಬೇಕು; ಭಾರತೀಯ ಸದಸ್ಯರಲ್ಲಿ ಇಬ್ಬರು ಭಿನ್ನಾಭಿಪ್ರಾಯವನ್ನು ಬರೆದಿಟ್ಟರು.

ಕಮಿಷನ್ನಿನ ಕಣ್ಣೆದುರಿಗೆ ಒಂದು ಮಾದರಿಯಿದ್ದಿತು. ಬಂಗಾಳದಲ್ಲಿ, ಈಗ ಬಾಂಗ್ಲಾದೇಶಕ್ಕೆ ಸೇರಿರುವ ನವಗಾಂವಿನ ಸುತ್ತಲಿನ ಒಂದು ಸಣ್ಣ ಪ್ರದೇಶಕ್ಕೆ ಗಾಂಜಾ ಬೇಸಾಯವನ್ನು ಸೀಮಿತಗೊಳಿಸಿ, ಸರಕಾರಿ ಉಗ್ರಾಣದ ಮೂಲಕವೇ ಸರಕು ಹೊರಡುವಂತೆ ಮಾಡಲಾಗಿದ್ದಿತು. ಬೆಳೆಯುವ ಸ್ಥಳ ಒಂದೇ ಆದುದರಿಂದ ಕಾವಲು ಸುಲಭ. ಕಾವಲು ಸುಲಭವಾದುದರಿಂದ ಸುಂಕವನ್ನು ಏರಿಸುವುದೂ ಸಾಧ್ಯ. ಹಿತ್ತಿಲಲ್ಲಿಯೂ ಬೇಲಿಯಲ್ಲಿಯೂ ತಾನಾಗಿ ಬೆಳೆಯುವ ಭಂಗಿಯ ವಿಷಯದಲ್ಲಿ ಮಾತ್ರ ಅಂತಹ ಬಿಗಿ ನಡೆಯದೆಂದು ಕಮಿಷನ್ನು ಬಲ್ಲುದಾಗಿತ್ತು. ಕಾವಲಿನ ಶಕ್ತಿಯನ್ನು ಮೀರಿದ ಸುಂಕ ಕಳ್ಳಸಾಗಣೆಗೆ ಕೊಟ್ಟ ಸಹಾಯಧನವಾಗುತ್ತದೆ. ಇದು ಅಬಕಾರಿ ಅಧಿಕಾರಿಗಳಿಗೆ ಅನುಭವದಿಂದ ತಿಳಿದ ಪಾಠ. ಸ್ವತಂತ್ರ ಭಾರತ ಮುಂದೆ ಬೇರೆ ದಾರಿ ಹಿಡಿಯಿತು. ೧೯೮೫ರ ಮಾದಕವಸ್ತು ಕಾಯಿದೆ ಗಾಂಜಾವನ್ನೂ ಚರಸ್ಸನ್ನೂ ನಿಷೇಧಿಸಿ, ಬರಿಯ ಎಲೆಯಾದ ಭಂಗಿಯನ್ನು ರಾಜ್ಯಗಳ ವಿವೇಚನೆಗೆ ಬಿಟ್ಟಿತು. ಸಂವಿಧಾನದ ೪೭ನೆಯ ಅನುಚ್ಛೇದ ಪಾನನಿರೋಧವನ್ನು ಬೋಧಿಸುತ್ತಿದ್ದರೂ ರಾಜ್ಯಗಳ ಆಯವ್ಯಯದಲ್ಲಿ ಅಬಕಾರಿಯ ಸಾಲು ಎಷ್ಟು ದಪ್ಪವಾಗಿದೆಯೆಂಬುದನ್ನು, ೨೦೦೭ರಲ್ಲಿ ಸಾರಾಯಿಯನ್ನು ನಿಲ್ಲಿಸಿದ ಕರ್ನಾಟಕದ ಓದುಗರಿಗೆ ನಾವು ವಿವರಿಸಬೇಕಾಗಿಲ್ಲವಷ್ಟೆ.

ಕ್ಯಾಲಿಫೋರ್ನಿಯಕ್ಕೆ ಹಿಂದಿರುಗೋಣ. ೨೦೧೨ರಲ್ಲಿ ಕೊಲರಾಡೊ, ವಾಷಿಂಗ್‌ಟನ್ ಎಂಬ ಎರಡು ಸಂಸ್ಥಾನಗಳು ಜನೋಪಕ್ರಮದ ಮೂಲಕವೇ ಗಾಂಜಾಕ್ಕೆ ಅನುಮತಿ ಕೊಟ್ಟು ಮೊದಲಿಗರೆನಿಸಿದುವು. ಕೊಲರಾಡೊದಲ್ಲಿ ಅನುಮತಿಯ ಪ್ರಶ್ನೆಯನ್ನೂ ತೆರಿಗೆಯ ದರದ ಪ್ರಶ್ನೆಯನ್ನೂ ಬೇರ್ಪಡಿಸಿ, ಎರಡನೆಯದನ್ನು ಮರುವರ್ಷ ಮತಕ್ಕೆ ಹಾಕಲಾಯಿತು. ಶಾಲೆಗಳ ಕಟ್ಟಡಕ್ಕೆ ಹಣ ಹೋಗುವುದೆಂದು ಜನ ಅದನ್ನೂ ಒಪ್ಪಿದರು. ಒಕ್ಕೂಟ ಸರ್ಕಾರ ೨೦೧೩ರಲ್ಲಿ, ಕೆಲವು ಷರತ್ತುಗಳಿಗೆ ಒಳಪಟ್ಟು, ತಾನು ಅಡ್ಡ ಬರುವುದಿಲ್ಲವೆಂಬ ಸೂಚನೆಯಿತ್ತಿತು. ೨೦೧೬ರಲ್ಲಿ ಕ್ಯಾಲಿಫೋರ್ನಿಯದ ೬೪ನೆಯ ಪ್ರಸ್ತಾವ ಬಂದಾಗ ಅದರ ಕರ್ತೃಗಳು ೨೦೧೦ರ ಸೋಲನ್ನು ಚೆನ್ನಾಗಿ ಓದಿಕೊಂಡಿದ್ದರು. ಮಾಲಿಕರ ಆಕ್ಷೇಪಣೆಗೆ ಎಡೆಯಿಲ್ಲದಂತೆ ಕಲಮನ್ನು ಬರೆದರು; ಹಿಂದೆ ಶಿಕ್ಷೆಗೊಳಗಾದವರ ದಾಖಲೆಯನ್ನು ತಿದ್ದಿಸಿಕೊಳ್ಳಲು ದಾರಿ ಮಾಡಿದರು; ಬಹು ದೊಡ್ಡ ಬೇಸಾಯಗಳಿಗೆ ೨೦೨೩ರವರೆಗೆ ಪರವಾನಗಿ ಕೊಡಬಾರದೆಂದು ಸಣ್ಣ ಬೆಳೆಗಾರರನ್ನು ಸಮಾಧಾನಪಡಿಸಿದರು. ತೆರಿಗೆಯ ದರವನ್ನಂತೂ ಕಾಸು ಕಾಸಿನವರೆಗೆ ಬರೆದಿಟ್ಟರು: ಬೆಳೆಯುವಾಗ ಹೂವಿಗೆ ಔನ್ಸೊಂದಕ್ಕೆ ೯.೨೫ ಡಾಲರು, ಎಲೆಗೆ ೨.೭೫ ಡಾಲರು, ಮಾರುವಾಗ ಬೆಲೆಯ ನೂರಕ್ಕೆ ೧೫. ಬರುವ ಹಣ ಸಂಶೋಧನೆಗೆ, ಯುವಜನರ ಶಿಕ್ಷಣಕ್ಕೆ, ಕಾಡುಗಳ ರಕ್ಷಣೆಗೆ, ಪೋಲೀಸಿಗೆ ಎಂಬ ಹಂಚಿಕೆಯೂ ಸಿದ್ಧವಾಗಿದ್ದಿತು.

೨೦೧೮ನೆಯ ಜನವರಿ ೧ರಂದು ಮಾರಾಟ ಆರಂಭವಾಯಿತು. ಮೊದಲ ವರ್ಷದ ವಸೂಲು ನಿರೀಕ್ಷೆಗೆ ಬಹಳ ಕೆಳಗಿತ್ತು. ೨೦೨೦ರ ಹೊತ್ತಿಗೆ ನೂರು ಕೋಟಿ ಡಾಲರನ್ನು ಮುಟ್ಟಿತಾದರೂ ಕಳ್ಳಪೇಟೆ ಕರಗಲಿಲ್ಲ. ಎರಡು ಬಗೆಯ ಗಾಂಜಾ ತೆರಿಗೆಗಳ ಮೇಲೆ ಸಾಮಾನ್ಯ ಮಾರಾಟ ತೆರಿಗೆ, ಅದರ ಮೇಲೆ ಊರಿನ ತೆರಿಗೆ. ಅರ್ಧಕ್ಕಿಂತ ಹೆಚ್ಚು ನಗರಗಳಲ್ಲಿಯೂ ಕೌಂಟಿಗಳಲ್ಲಿಯೂ ಅಂಗಡಿಗೇ ಅನುಮತಿಯಿಲ್ಲ. ಪರವಾನಗಿಯಿಲ್ಲದವನ ಸರಕು ಹತ್ತಿರದಲ್ಲಿ ಅಗ್ಗವಾಗಿ ದೊರೆಯುತ್ತಿರುವಾಗ ರಸೀದಿಯ ಸರಕನ್ನು ಕೊಳ್ಳಲು ದೂರ ಹೋಗುವವರು ಎಷ್ಟು ಮಂದಿ? ತೂಕದ ಮೇಲಿನ ತೆರಿಗೆಯಲ್ಲಿ ಇನ್ನೊಂದು ತೊಡಕಿತ್ತು. ಸಗಟು ಬೆಲೆ ಇಳಿದರೂ ಔನ್ಸಿನ ತೆರಿಗೆ ಇಳಿಯಲಿಲ್ಲ. ಹಣದುಬ್ಬರಕ್ಕೆ ಹೊಂದಿಸಿ ಅದು ೨೦೨೨ರಲ್ಲಿ ೧೦.೦೮ ಡಾಲರಿಗೆ ಏರಿತು. ಕೊನೆಗೆ ಶಾಸನಸಭೆ ೨೦೨೨ನೆಯ ಜುಲೈ ೧ರಿಂದ ಬೆಳೆಯ ಮೇಲಿನ ತೆರಿಗೆಯನ್ನು ರದ್ದುಮಾಡಿ, ಆ ನಷ್ಟವನ್ನು ಮುಂದೆ ಅಂಗಡಿಯ ತೆರಿಗೆಯಿಂದ ತುಂಬಿಕೊಳ್ಳಲು ಏರ್ಪಾಡು ಮಾಡಿತು. ಅದರಂತೆ ೨೦೨೫ನೆಯ ಜುಲೈಯಲ್ಲಿ ನೂರಕ್ಕೆ ೧೫ ಇದ್ದದ್ದು ೧೯ಕ್ಕೆ ಏರಿತು. ಮೂರೇ ತಿಂಗಳಲ್ಲಿ, ಅಕ್ಟೋಬರ್ ೧ರಿಂದ, ಮತ್ತೆ ೧೫ಕ್ಕೆ ಇಳಿಯಿತು.

ಬೆಟ್ಟದ ಬೆಳೆಗಾರರಿಗೆ ಕೊಟ್ಟ ಮಾತು ಅಷ್ಟು ಕಾಲವೂ ಉಳಿಯಲಿಲ್ಲ. ದೊಡ್ಡ ಪರವಾನಗಿಗೆ ೨೦೨೩ರವರೆಗೆ ತಡೆಯಿದ್ದರೂ, ಒಬ್ಬನೇ ಎಷ್ಟು ಸಣ್ಣ ಪರವಾನಗಿಗಳನ್ನಾದರೂ ಪಡೆಯಬಹುದೆಂಬಂತೆ ೨೦೧೭ನೆಯ ನವೆಂಬರಿನಲ್ಲಿ ಹೊರಟ ನಿಯಮಗಳು ಅವಕಾಶ ಕೊಟ್ಟುವು. ಬಂಡವಾಳವುಳ್ಳವರು ಸಣ್ಣ ಪರವಾನಗಿಗಳನ್ನು ಒಂದರ ಪಕ್ಕಕ್ಕೊಂದು ಜೋಡಿಸಿ ದೊಡ್ಡ ಬೇಸಾಯಗಳನ್ನು ಮಾಡಿದರು. ೨೦೨೧, ೨೦೨೨ರಲ್ಲಿ ಸಗಟು ಬೆಲೆ ಕುಸಿದಾಗ, ಹನ್ನೆರಡು ವರ್ಷಗಳ ಹಿಂದೆ ಅದೇ ಕುಸಿತಕ್ಕೆ ಹೆದರಿ ಬೇಡವೆಂದು ಮತ ಕೊಟ್ಟಿದ್ದ ಹಂಬೋಲ್ಟಿನ ಬೆಟ್ಟಗಳಲ್ಲಿ ಪರವಾನಗಿ ಪಡೆದು, ತೆರಿಗೆ ಕಟ್ಟಿ, ನ್ಯಾಯವಾಗಿ ಬೆಳೆಯುತ್ತಿದ್ದ ಅನೇಕ ಸಣ್ಣ ಬೆಳೆಗಾರರು ಬೇಸಾಯವನ್ನು ಬಿಟ್ಟರು.